ಆಡುಮಾತಿನ ನಾಮಪುಂಜ: ಬದನಗುಪ್ಪೆಯಿಂದ ಜಪಾನಿನವರೆಗೆ

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುಹಾದಿಯಲ್ಲಿ ಬದನಗುಪ್ಪೆ ಎಂಬ ನಿಲ್ದಾಣವಿದೆ. ಈಚಿನ ವರ್ಷಗಳಲ್ಲಿ ಈ ಊರಿನ ಹೆಸರು ಸರ್ಕಾರಿ ಕಾಗದಗಳಲ್ಲಿ ಹೆಚ್ಚಾಗಿ ಕಾಣಿಸುವುದು ‘ಕೆಲ್ಲಂಬಳ್ಳಿ–ಬದನಗುಪ್ಪೆ ಕೈಗಾರಿಕಾ ಪ್ರದೇಶ’ ಎಂಬ ರೂಪದಲ್ಲಿ. ಎರಡು ಊರು, ಒಂದು ವಿಶೇಷಣ, ಒಂದು ನಾಮಪದ: ನಾಲ್ಕು ಸೇರಿ ಒಂದೇ ವಸ್ತುವನ್ನು ಹೇಳುತ್ತವೆ. ಅದೇ ಜಾಗವನ್ನು ಮಾತಿನಲ್ಲಿ ಹೇಳುವವರು ‘ಬದನಗುಪ್ಪೆ ತಾವ ಫ್ಯಾಕ್ಟ್ರಿ ಬಂದವಲ್ಲ, ಆ ಜಾಗ’ ಎನ್ನುತ್ತಾರೆ. ಮೊದಲನೆಯದನ್ನು ವ್ಯಾಕರಣ ಎಂದು ಒಪ್ಪುವ ಶಾಲೆ ಎರಡನೆಯದನ್ನು ಬರಿಯ ಮಾತು ಎಂದು ಪಕ್ಕಕ್ಕಿಡುತ್ತದೆ. ಎರಡನೆಯದರಲ್ಲೂ ಅಷ್ಟೇ ಬಿಗಿಯಾದ ಕಟ್ಟು ಇದೆ ಎಂಬುದನ್ನು ಭಾಷಾವಿಜ್ಞಾನಿಗಳು ಅರವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅವರು ಕಂಡುಕೊಂಡದ್ದು ಪಠ್ಯಪುಸ್ತಕದವರೆಗೆ ಇನ್ನೂ ಬಂದಿಲ್ಲ.

ನಾಮಪದ ಒಂಟಿಯಾಗಿ ಓಡಾಡುವುದು ಕಡಿಮೆ. ‘ಆ’, ‘ಈ’, ಸಂಖ್ಯೆ, ಬಣ್ಣ, ಯಾರದ್ದು ಎಂಬ ಗುರುತು, ಕೆಲವೊಮ್ಮೆ ಇಡೀ ಒಂದು ವಾಕ್ಯ, ಇಷ್ಟನ್ನೂ ಮುಂದೆ ಹೊತ್ತುಕೊಂಡೇ ಅದು ಬರುತ್ತದೆ. ಈ ಇಡೀ ಘಟಕವನ್ನು ನಾಮಪುಂಜ ಎನ್ನಬಹುದು. ‘ಆ ಎರಡು ದೊಡ್ಡ ಬಾಳೆಗೊನೆ’ ಎನ್ನುವಾಗ ಕನ್ನಡದ ಕ್ರಮ ಖಚಿತ: ತೋರುವ ಪದ, ಎಣಿಕೆ, ಗುಣ, ಕೊನೆಗೆ ಹೆಸರು. ವಿಭಕ್ತಿ ಬೇಕಾದರೆ ಅದು ಕೊನೆಯ ಹೆಸರಿಗೆ ಮಾತ್ರ ಅಂಟುತ್ತದೆ. ‘ಆ ದೊಡ್ಡ ಮನೇಲಿ’ ಎಂದಾಗ ‘ದೊಡ್ಡ’ ಎಂಬುದಕ್ಕೆ ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿಯಿಲ್ಲ. ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನೆಲ್ಲ ಹೊರಬೇಕು. ಕನ್ನಡ ಆ ಹಾದಿಯಲ್ಲಿ ನಡೆದ ಭಾಷೆಯೇ ಅಲ್ಲ. ಆದರೂ ನಮ್ಮ ವ್ಯಾಕರಣ ಪಾಠ ಸಂಸ್ಕೃತದ ಚೌಕಟ್ಟಿನಲ್ಲೇ ಕೂತಿದೆ. ಕ್ರಿ.ಶ. 1260ರ ಸುಮಾರಿಗೆ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಏಳು ವಿಭಕ್ತಿಗಳ ಪಟ್ಟಿಯನ್ನು ಇಟ್ಟುಕೊಂಡ. ಆ ಪಟ್ಟಿಯ ಐದನೆಯ ಮನೆ ತುಂಬಲೆಂದೇ ಇವತ್ತಿಗೂ ಮಕ್ಕಳು ‘ದೆಸೆಯಿಂದ’ ಎಂಬ ಪ್ರತ್ಯಯವನ್ನು ಬಾಯಿಪಾಠ ಮಾಡುತ್ತಾರೆ. ‘ಮರದ ದೆಸೆಯಿಂದ ಕಾಯಿ ಬಿತ್ತು’ ಎಂದು ಗುಂಡ್ಲುಪೇಟೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾರೂ ಹೇಳುವುದಿಲ್ಲ.

ಈ ತೊಡಕನ್ನು ಅತ್ಯಂತ ದಿಟ್ಟವಾಗಿ ಎತ್ತಿದವರು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು. 2000ದಲ್ಲಿ ಬಂದ ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಪುಸ್ತಕದ ಹೆಸರೇ ಅವರ ವಾದ. ಅದಕ್ಕೂ ಮೊದಲು ಆಡುಮಾತನ್ನೇ ನೇರವಾಗಿ ಕಿವಿಗೊಟ್ಟು ಕೇಳಿದವರಿದ್ದರು. ಅಮೆರಿಕದ ವಿಲಿಯಂ ಬ್ರೈಟ್ ಆಡುಗನ್ನಡದ ರೂಪರೇಖೆಯನ್ನು 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದರು. ಹೆರಾಲ್ಡ್ ಷಿಫ್‌ಮನ್ ಅವರ ಆಡುಗನ್ನಡ ವ್ಯಾಕರಣ ಬಂದದ್ದು 1983ರಲ್ಲಿ. ಬದನಗುಪ್ಪೆಗೆ ಇವೆರಡಕ್ಕಿಂತ ಹತ್ತಿರವಾದ ಕೆಲಸ ಯು.ಪಿ. ಉಪಾಧ್ಯಾಯರದು. ಅವರು ನಂಜನಗೂಡು ಸೀಮೆಯ ಒಕ್ಕಲಿಗರ ಮಾತನ್ನು ಅಧ್ಯಯನ ಮಾಡಿ 1968ರಲ್ಲಿ ಪುಸ್ತಕವಾಗಿ ಕೊಟ್ಟರು. ನಂಜನಗೂಡು ಮತ್ತು ಚಾಮರಾಜನಗರಗಳ ನಡುವೆ 1997ರಲ್ಲಿ ಜಿಲ್ಲೆಯ ಗಡಿ ಬಂತು. ಮಾತಿನ ಗಡಿ ಅಲ್ಲಿಲ್ಲ. ಮೈಸೂರು ಪಟ್ಟಣದ ‘ಊರ್ಗೆ’, ‘ನಂಗೆ’ ಈ ಇಡೀ ಸೀಮೆಯಲ್ಲಿ ‘ಊರ್ಗ’, ‘ನಂಗ’ ಆಗುತ್ತವೆ. ‘ಹ’ಕಾರ ಬಿದ್ದು ‘ಹಟ್ಟಿ’ಯು ‘ಅಟ್ಟಿ’ಯಾಗುತ್ತದೆ, ಆ ಪದಕ್ಕೆ ಮನೆ ಎಂದೇ ಅರ್ಥ. ಈ ಮಾತಿಗೆ ಸಾಹಿತ್ಯದಲ್ಲಿ ದೊಡ್ಡ ಸ್ಥಾನ ದೊರಕಿಸಿಕೊಟ್ಟದ್ದು ದೇವನೂರ ಮಹಾದೇವರ ‘ಕುಸುಮಬಾಲೆ’. 1984ರಲ್ಲಿ ಬಂದ ಆ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಸೀಮೆಯೊಳಗೂ ಸಮುದಾಯದಿಂದ ಸಮುದಾಯಕ್ಕೆ ಉಚ್ಚಾರ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಮುಂದೆ ಬರುವ ಉದಾಹರಣೆಗಳನ್ನು ಹಳೇ ಮೈಸೂರಿನ ತೆಂಕಣ ಭಾಗದಲ್ಲಿ ಎಲ್ಲರಿಗೂ ತಿಳಿಯುವ ರೂಪದಲ್ಲೇ ಕೊಡಲಾಗಿದೆ.

ಎಣಿಕೆಯಿಂದ ಶುರು ಮಾಡಬಹುದು. ಬರಹದ ಕನ್ನಡ ‘ಹತ್ತು ಕುರಿಗಳು’ ಎನ್ನುತ್ತದೆ. ಮಾತು ‘ಹತ್ತು ಕುರಿ’ ಎನ್ನುತ್ತದೆ. ಹತ್ತು ಎಂದ ಮೇಲೆ ಬಹುವಚನ ಹೇಳಿಯಾಯಿತು, ಇನ್ನೊಮ್ಮೆ ‘ಗಳು’ ಬೇಕಿಲ್ಲ ಎಂಬುದು ಮಾತಿನ ಲೆಕ್ಕ. ಆದರೆ ಮನುಷ್ಯರ ವಿಷಯ ಬಂದರೆ ಈ ಲೆಕ್ಕ ಬದಲಾಗುತ್ತದೆ: ‘ಮೂರ್ಜನ ಹುಡುಗ್ರು’ ಎನ್ನಲೇಬೇಕು, ‘ಮೂರು ಹುಡುಗ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗ್ರಂಥಗಳಲ್ಲಿ ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು ಎಂದು ಸಾಲು ಮುಂದುವರಿಯುತ್ತದೆ. ಬಾಯಿಮಾತಿನಲ್ಲಿ ಉಳಿದಿರುವುದು ಮೊದಲ ಎರಡು ಮಾತ್ರ. ಮೂರರಿಂದ ಮುಂದೆ ‘ಜನ’ ಎಂಬ ಪದ ಎಣಿಕೆಗೆ ಅಂಟಿಕೊಳ್ಳುತ್ತದೆ: ಮೂರ್ಜನ, ನಾಕ್ ಜನ, ಐದ್ ಜನ.

ಕನ್ನಡದೊಂದಿಗೆ ನಂಟಿಲ್ಲದಿದ್ದರೂ ಇದೇ ಬಗೆಯ ಕಟ್ಟಿರುವ ಜಪಾನೀ ಭಾಷೆಯನ್ನು ಪಕ್ಕದಲ್ಲಿಟ್ಟು ನೋಡಿ, ಅಲ್ಲೂ ಹೀಗೆಯೇ. ಒಬ್ಬರಿಗೆ ‘ಹಿತೊರಿ’, ಇಬ್ಬರಿಗೆ ‘ಫುತಾರಿ’ ಎಂಬ ದೇಸಿ ರೂಪಗಳು. ಮೂರರಿಂದ ‘ಸನ್-ನಿನ್’, ‘ಯೊ-ನಿನ್’. ಈ ‘ನಿನ್’ ಜನರನ್ನು ಎಣಿಸುವ ಪ್ರತ್ಯಯ. ನಾವು ‘ಎರಡ್ಮೂರ್ ಜನ’ ಎಂದು ಅಂದಾಜು ಹೇಳಿದರೆ ಅವರು ‘ನಿ-ಸನ್-ನಿನ್’ ಎನ್ನುತ್ತಾರೆ, ಅದೇ ಎರಡು-ಮೂರು-ಜನ. ಅಂಗಡಿಯ ಮುಂದೆ ನಿಂತಾಗಲೂ ಹೋಲಿಕೆ ಮುಂದುವರಿಯುತ್ತದೆ. ತೆರಕಣಾಂಬಿ ಸಂತೆಯಲ್ಲಿ ‘ಎರಡು ತೆಂಗಿನಕಾಯಿ ಕೊಡಿ’ ಎನ್ನುವಷ್ಟೇ ಸಹಜವಾಗಿ ‘ತೆಂಗಿನಕಾಯಿ ಎರಡು ಕೊಡಿ’ ಎಂದೂ ಹೇಳಬಹುದು. ಎಣಿಕೆ ತನ್ನ ಜಾಗ ಬಿಟ್ಟು ಹೆಸರಿನ ಹಿಂದೆ ಹೋಗಿ ನಿಲ್ಲುತ್ತದೆ. ಜಪಾನಿನಲ್ಲಿ ಸೇಬು ಕೇಳುವವರ ‘ರಿಂಗೊ ಮಿತ್ತ್ಸು ಕುದಸಾಯಿ’ ಎಂಬ ಮಾತಿನಲ್ಲೂ ಕ್ರಮ ಅದೇ: ಸೇಬು, ಮೂರು, ಕೊಡಿ. ಆದರೆ ಅವರಲ್ಲಿ ಉದ್ದನೆಯ ವಸ್ತುವಿಗೊಂದು, ಚಪ್ಪಟೆ ವಸ್ತುವಿಗೊಂದು, ಪುಸ್ತಕಕ್ಕೊಂದು, ಸಣ್ಣ ಪ್ರಾಣಿಗೊಂದು ಬೇರೆ ಬೇರೆ ಎಣಿಕೆಯ ಪ್ರತ್ಯಯಗಳಿವೆ. ಕನ್ನಡ ಆ ದಾರಿಯಲ್ಲಿ ಮನುಷ್ಯರಿಗೆ ‘ಜನ’ ಎನ್ನುವಲ್ಲಿಗೆ ನಿಂತಿತು.

ಪ್ರತ್ಯಯ ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂಬ ಪ್ರಶ್ನೆಯಂತೂ ಇನ್ನೂ ಸ್ವಾರಸ್ಯದ್ದು. ಶಾಲೆಯ ಪ್ರಕಾರ ಕರ್ಮಪದಕ್ಕೆ ‘ಅನ್ನು’ ಹತ್ತಬೇಕು. ‘ನೀರು ಕುಡಿ’, ‘ಕಬ್ಬು ಕಡಿ’, ‘ರಾಗಿ ಬೀಸು’ ಎನ್ನುವಾಗ ಅದನ್ನು ಯಾರೂ ಹಚ್ಚುವುದಿಲ್ಲ. ಜಪಾನಿನವರೂ ಬರಹದಲ್ಲಿ ‘ಮಿಜು ಓ ನೊಮು’ ಎಂದು ಬರೆದು ಮನೆಮಾತಿನಲ್ಲಿ ‘ಮಿಜು ನೊಮು’ ಎಂದುಬಿಡುತ್ತಾರೆ. ‘ಓ’ ಎಂಬುದು ಅವರ ‘ಅನ್ನು’. ಇದನ್ನು ಸೋಮಾರಿತನ ಎಂದು ತಳ್ಳಿಹಾಕುವವರು ಕನ್ನಡದ ಈ ಜೋಡಿಯನ್ನು ಗಮನಿಸಬೇಕು. ‘ಹುಡುಗನ್ನ ಕರಿ’ ಎನ್ನಬೇಕು. ‘ಹುಡುಗ ಕರಿ’ ಎಂದರೆ ತಪ್ಪು. ಹಾಗಾದರೆ ಮನುಷ್ಯರಿಗೆ ಪ್ರತ್ಯಯ ಕಡ್ಡಾಯ, ಜಡವಸ್ತುವಿಗೆ ಬೇಕಿಲ್ಲ ಎಂದು ನಿಯಮ ಮಾಡಬಹುದೆ? ಹೆಚ್ಚಿನ ವ್ಯಾಕರಣಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ಮದುವೆ ಮಾತುಕತೆಗೆ ಹೊರಟವರು ‘ಹೆಣ್ಣು ನೋಡೋಕೆ ಹೋಗ್ತಾ ಇದೀವಿ’ ಎನ್ನುತ್ತಾರೆ. ಕಳೆ ಕೀಳಿಸಬೇಕಾದ ರೈತ ‘ಆಳು ಕರ್ಕೊಂಡ್ ಬಾ’ ಎನ್ನುತ್ತಾನೆ. ಹೆಣ್ಣು, ಆಳು ಇಬ್ಬರೂ ಮನುಷ್ಯರೇ, ಆದರೂ ‘ಅನ್ನು’ ಇಲ್ಲ. ಏಕೆಂದರೆ ಇಂಥವಳೇ, ಇಂಥವನೇ ಎಂದು ಇನ್ನೂ ಗೊತ್ತಾಗಿಲ್ಲ. ಹುಡುಗಿ ಯಾರೆಂದು ತಿಳಿದ ಮರುಕ್ಷಣ ‘ಆ ಹುಡುಗೀನ ನೋಡಿದ್ವಿ’ ಎಂದು ಪ್ರತ್ಯಯ ಬಂದು ಕೂರುತ್ತದೆ. ಕೋಳಿಗೂ ಇದೇ ಮಾತು: ‘ಕೋಳಿ ತಂದ್ರು’ ಎಂದರೆ ಯಾವುದೋ ಕೋಳಿ, ‘ಕೋಳೀನ ತಂದ್ರು’ ಎಂದರೆ ಮಾತಾಡುವ ಇಬ್ಬರಿಗೂ ಗೊತ್ತಿರುವ ಕೋಳಿ. ಇಂಗ್ಲಿಷ್ ಎರಡು ಉಪಪದಗಳನ್ನಿಟ್ಟು ಮಾಡುವ ಕೆಲಸವನ್ನು ಆಡುಗನ್ನಡ ಒಂದು ಪ್ರತ್ಯಯವನ್ನು ಇಟ್ಟು, ತೆಗೆದು ಮಾಡುತ್ತದೆ. ‘ಅನ್ನು’ ಎಲ್ಲ ಕಡೆಗೂ ಹಚ್ಚಿ ಎಂದು ಮಗುವಿಗೆ ಕಲಿಸಿದರೆ ಈ ವ್ಯತ್ಯಾಸವನ್ನೇ ಅದರ ಬರಹದಿಂದ ಕಿತ್ತುಕೊಂಡಂತಾಗುತ್ತದೆ.

ಸಪ್ತಮಿಯದೂ ಇಂಥದೇ ಕಥೆ. ‘ಅಟ್ಟೀಲಿ ಅವ್ನ’ ಎಂದರೆ ಮನೆಯಲ್ಲಿದ್ದಾನೆ. ‘ಕತ್ತೀಲಿ ಕುಯ್ದ’ ಎಂದರೆ ಕತ್ತಿಯಿಂದ ಕುಯ್ದ. ಸ್ಥಳಕ್ಕೂ ಸಾಧನಕ್ಕೂ ಒಂದೇ ‘ಲಿ’. ಪಠ್ಯ ಇದನ್ನು ತೃತೀಯೆಯ ಜಾಗದಲ್ಲಿ ಸಪ್ತಮಿ ಎಂದು ವಿಭಕ್ತಿಪಲ್ಲಟದ ಖಾತೆಗೆ ಹಾಕುತ್ತದೆ. ಜಪಾನೀ ವ್ಯಾಕರಣದಲ್ಲಿ ‘ಉಚಿ ದೆ ತಬೇರು’ (ಮನೆಯಲ್ಲಿ ತಿನ್ನು), ‘ಹೋಚೋ ದೆ ಕಿರು’ (ಚಾಕುವಿನಿಂದ ಕುಯ್ಯಿ) ಎಂಬೆರಡರಲ್ಲೂ ಬರುವ ‘ದೆ’ ಒಂದೇ ಪ್ರತ್ಯಯವೆಂದು ಎಣಿಸಲಾಗಿದೆ, ಅದನ್ನು ಯಾರೂ ಪಲ್ಲಟ ಎನ್ನುವುದಿಲ್ಲ. ನಮ್ಮ ಮಾತನ್ನು ಮತ್ತೊಂದು ಭಾಷೆಯ ಪಟ್ಟಿಗೆ ಹೋಲಿಸಿ ಪಲ್ಲಟವೆಂದು ಕರೆಯುವುದು ನಿಲ್ಲಬೇಕು.

ಸಂಬಂಧ ಹೇಳುವ ಪುಂಜಗಳಲ್ಲಿ ಊರಿನ ಬದುಕೇ ಇಣುಕುತ್ತದೆ. ಒಬ್ಬನೇ ಮಗನಾದವನೂ ‘ನಮ್ಮವ್ವ’, ‘ನಮ್ಮಪ್ಪ’ ಎನ್ನುತ್ತಾನೆ. ‘ನನ್ನ ಅವ್ವ’ ಎಂಬುದು ಹಳ್ಳಿಯ ಮಾತಲ್ಲ. ನೆಂಟಸ್ತಿಕೆ, ಊರು, ಮನೆ ಇವಕ್ಕೆಲ್ಲ ‘ನಮ್ಮ’. ಗಂಡನನ್ನು ಹೆಸರು ಹಿಡಿದು ಹೇಳದ ಹೆಂಡತಿ ‘ನಮ್ಮನೆಯೋರು’ ಎನ್ನುತ್ತಾಳೆ. ಜಪಾನಿನ ಹೆಂಗಸರ ಮಾತಿನಲ್ಲಿ ಗಂಡನಿಗೆ ‘ಉಚಿ ನೊ ಹಿತೊ’ ಎಂಬ ಪುಂಜವಿದೆ: ಉಚಿ ಎಂದರೆ ಮನೆ, ನಮ್ಮ ಮನೆ, ಹಿತೊ ಎಂದರೆ ಜನ. ಗೌರವ ತೋರಿಸಲು ಏಕವಚನಕ್ಕೆ ಬಹುವಚನ ಹಚ್ಚುವುದು ನಮ್ಮ ಇನ್ನೊಂದು ಕ್ರಮ: ಮೇಷ್ಟ್ರು, ಮಾವನೋರು, ಗೌಡ್ರು. ಚಾಮರಾಜನಗರದಿಂದ ತಮಿಳುನಾಡಿನ ತಾಳವಾಡಿ ಕಡೆಗೆ ಹೋದರೆ ಗಾಜನೂರು ಸಿಗುತ್ತದೆ. 1929ರಲ್ಲಿ ಅಲ್ಲಿ ಹುಟ್ಟಿದ ರಾಜ್‌ಕುಮಾರ್ ಅವರನ್ನು ಇಡೀ ಕರ್ನಾಟಕ ಕರೆದದ್ದು ‘ಅಣ್ಣಾವ್ರು’ ಎಂದೇ. ಅಣ್ಣ ಎಂಬ ನಂಟು, ‘ಅವರು’ ಎಂಬ ಮರ್ಯಾದೆ, ಎರಡೂ ಒಂದೇ ಉಸಿರಿನಲ್ಲಿ.

ನಾಮಪುಂಜದ ಮುಖ್ಯ ಪದವಾದ ಹೆಸರನ್ನೇ ಬಿಟ್ಟುಬಿಟ್ಟರೆ ಏನಾಗುತ್ತದೆ? ಕನ್ನಡ ಅಲ್ಲಿ ‘ದು’ ಎಂಬ ಪುಟ್ಟ ಪ್ರತ್ಯಯವನ್ನು ನಿಲ್ಲಿಸುತ್ತದೆ. ‘ಇದು ಯಾರ್ದು?’ ‘ನಮ್ದು.’ ‘ಯಾವ ಹಸ?’ ‘ದೊಡ್ಡದು.’ ‘ನಿನ್ನೆ ತಂದದ್ದು ಎಲ್ಲಿ?’ ‘ಈಜೋದು ಚೆಂದ.’ ಒಡೆತನ, ಗುಣ, ಕ್ರಿಯೆ ಮೂರಕ್ಕೂ ಅದೇ ‘ದು’. ಜಪಾನಿನಲ್ಲಿ ಈ ಎಲ್ಲ ಜಾಗಗಳಲ್ಲಿ ‘ನೊ’ ಬರುತ್ತದೆ: ‘ದಾರೆ ನೊ’ ಯಾರ್ದು, ‘ವತಾಶಿ ನೊ’ ನಂದು, ‘ಅಕಾಯಿ ನೊ’ ಕೆಂಪನೆಯದು, ‘ಒಯೋಗು ನೊ’ ಈಜೋದು. ಇಲ್ಲಿ ಕನ್ನಡದ ಕೈ ಒಂದು ತೂಕ ಮೇಲೆ. ‘ನೊ’ಗೆ ಲಿಂಗ ವಚನಗಳಿಲ್ಲ. ನಮ್ಮ ಮಾತು ದೊಡ್ಡೋನು, ದೊಡ್ಡೋಳು, ದೊಡ್ಡೋರು, ದೊಡ್ಡದು, ದೊಡ್ಡವು ಎಂದು ಐದು ಬಗೆಯಲ್ಲಿ ಒಡೆದು ಹೇಳುತ್ತದೆ. ಹೆಸರಿನ ಮುಂದೆ ನಿಂತಾಗ ಯಾವ ಗುರುತನ್ನೂ ಹೊರದ ‘ದೊಡ್ಡ’, ಹೆಸರು ಹೋದ ಕೂಡಲೇ ಎಲ್ಲ ಗುರುತುಗಳನ್ನೂ ತಾನೇ ಹೊತ್ತುಕೊಳ್ಳುತ್ತದೆ. ಕನ್ನಡದಲ್ಲಿ ಗುಣವಾಚಕ ಎಂಬ ಪ್ರತ್ಯೇಕ ಪದವರ್ಗ ಇದೆಯೇ ಎಂಬ ಚರ್ಚೆಗೆ ಇದೂ ಒಂದು ಕಾರಣ. ಒಳ್ಳೆ, ಕೆಟ್ಟ, ಹೊಸ, ಹಳೆ, ದೊಡ್ಡ, ಚಿಕ್ಕ, ಎಳೆ ಎಂಬಂಥ ಕೆಲವೇ ಪದಗಳನ್ನು ಬಿಟ್ಟರೆ ಉಳಿದ ಗುಣಗಳನ್ನು ಮಾತು ‘ಚೆನ್ನಾಗಿರೋ ಮನೆ’, ‘ಉದ್ದಕಿರೋ ಕೋಲು’ ಎಂದು ಕ್ರಿಯೆಯ ಮೂಲಕವೇ ಹೇಳುತ್ತದೆ.

ನಾಮಪುಂಜಗಳ ಲೋಕದಲ್ಲಿ ಅತ್ಯಂತ ಹುಲುಸಾದ ಜಾಗ ಇದೇ, ಕ್ರಿಯೆಯು ಹೆಸರಿನ ಮುಂದೆ ಬಂದು ಅದನ್ನು ಬಣ್ಣಿಸುವ ಕ್ರಮ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಅರಿಶಿನ ಮುಖ್ಯ ಬೆಳೆ. ಕಿತ್ತ ಗೆಡ್ಡೆಯನ್ನು ಬೇಯಿಸಿ ಒಣಗಿಸಬೇಕು. ಆ ಒಂದು ಕೆಲಸದ ಸುತ್ತ ಹುಟ್ಟುವ ನಾಮಪುಂಜಗಳನ್ನು ನೋಡಿ: ಅರಿಶಿನ ಬೇಯ್ಸೋ ಆಳು, ಅರಿಶಿನ ಬೇಯ್ಸೋ ಒಲೆ, ಅರಿಶಿನ ಬೇಯ್ಸೋ ದಿನ, ಅರಿಶಿನ ಬೇಯ್ಸೋ ಜಾಗ, ಅರಿಶಿನ ಬೇಯ್ಸೋ ಕೂಲಿ, ಅರಿಶಿನ ಬೇಯ್ಸೋ ವಾಸನೆ. ಆಳು ಬೇಯಿಸುವವನು, ಒಲೆ ಸಾಧನ, ದಿನ ಕಾಲ, ಜಾಗ ಸ್ಥಳ, ಕೂಲಿ ಪ್ರತಿಫಲ, ವಾಸನೆ ಫಲ. ಮುಂದಿನ ಎರಡು ಪದ ಬದಲಾಗಿಲ್ಲ; ‘ಯಾರು’, ‘ಯಾವುದರಿಂದ’, ‘ಎಲ್ಲಿ’ ಎಂದು ಹೇಳುವ ಒಂದೇ ಒಂದು ಕೊಂಡಿಯೂ ಇಲ್ಲ. ಸಂಬಂಧವನ್ನು ಕೇಳುವವರು ತಮ್ಮ ಲೋಕಜ್ಞಾನದಿಂದ ತುಂಬಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕೊಂಡಿ ಬೇಕಾಗುತ್ತದೆ, ‘ವಾಸನೆ’ಯ ಪುಂಜವನ್ನಂತೂ ಆ ರೀತಿಯಲ್ಲಿ ಕಟ್ಟಲಾಗುವುದೇ ಇಲ್ಲ.

ಜಪಾನೀ ಭಾಷಾವಿಜ್ಞಾನದಲ್ಲಿ ಇದಕ್ಕೆ ಹೆಸರಾದ ಉದಾಹರಣೆ ‘ಸಕಾನಾ ಓ ಯಾಕು ನಿಓಯಿ’, ಅಂದರೆ ಮೀನು ಸುಡೋ ವಾಸನೆ. ಯೊಷಿಕೊ ಮತ್ಸುಮೊತೊ 1997ರಲ್ಲಿ ಜಪಾನಿನ ಇಂಥ ರಚನೆಗಳ ಮೇಲೊಂದು ಪುಸ್ತಕ ಬರೆದು, ಇವನ್ನು ಇಂಗ್ಲಿಷಿನ ಸಂಬಂಧವಾಚಕ ವಾಕ್ಯದ ಅಳತೆಯಲ್ಲಿ ಅಳೆಯಬಾರದು, ಅರ್ಥದ ಚೌಕಟ್ಟು ಮತ್ತು ಸಂದರ್ಭವೇ ಇಲ್ಲಿ ಸಂಬಂಧವನ್ನು ಕಟ್ಟುತ್ತವೆ ಎಂದು ವಾದಿಸಿದರು. ಆ ವಾದ ಅರಿಶಿನದ ಒಲೆಗೂ ಅಕ್ಷರಶಃ ಒಪ್ಪುತ್ತದೆ.

ಸಂದರ್ಭದ ಮೇಲೆ ಇಷ್ಟು ಭಾರ ಬಿಟ್ಟರೆ ಗೊಂದಲವಾಗುವುದಿಲ್ಲವೆ? ಆಗುತ್ತದೆ. ‘ನಾಯಿ ಕಚ್ಚಿದ ಹುಡುಗ’ ಎಂದರೆ ಕಚ್ಚಿಸಿಕೊಂಡವನು ಹುಡುಗ ಎಂದು ಎಲ್ಲರಿಗೂ ಗೊತ್ತು, ಏಕೆಂದರೆ ಹುಡುಗರು ನಾಯಿಯನ್ನು ಕಚ್ಚುವುದಿಲ್ಲ. ‘ಹಾವು ಕೊಂದ ಮುಂಗುಸಿ’ ಎಂದಾಗ ಮಾತ್ರ ಸತ್ತದ್ದು ಯಾವುದು ಎಂದು ಒಂದು ಗಳಿಗೆ ನಿಲ್ಲಬೇಕು. ಪ್ರತ್ಯಯ ಬೀಳುವ ನಿಯಮವೂ ಕೊಂಡಿಯಿಲ್ಲದ ನಿಯಮವೂ ಒಂದೇ ಕಡೆ ಸೇರಿದಾಗ ಇಂಥ ಇಕ್ಕಟ್ಟು ಬರುತ್ತದೆ. ಆಗ ಮಾತುಗಾರರು ‘ಹಾವನ್ನ ಕೊಂದ ಮುಂಗುಸಿ’ ಎಂದು ಬಿಟ್ಟಿದ್ದ ಪ್ರತ್ಯಯವನ್ನು ತಟ್ಟನೆ ವಾಪಸು ತರುತ್ತಾರೆ. ಯಾವಾಗ ಬೇಕು, ಯಾವಾಗ ಬೇಡ ಎಂಬ ವಿವೇಚನೆ ಅಕ್ಷರ ಬಾರದವರ ಮಾತಿನಲ್ಲೂ ಒಂದಿಷ್ಟೂ ತಪ್ಪುವುದಿಲ್ಲ.

ಬಣ್ಣನೆ ಉದ್ದವಾದರೆ ಮಾತಿಗೆ ಇನ್ನೊಂದು ದಾರಿಯಿದೆ, ಅದನ್ನು ಯಾವ ಶಾಲಾ ವ್ಯಾಕರಣವೂ ಹೇಳುವುದಿಲ್ಲ. ‘ಸಂತೇಮರಳ್ಳೀಲಿ ನಿನ್ನೆ ಸಿಕ್ಕಿದ್ನಲ್ಲ, ಆ ಹುಡುಗ’ ಎಂಬ ರಚನೆ ಅದು. ವಾಕ್ಯವನ್ನು ಪೂರ್ತಿಯಾಗಿ ಮುಗಿಸಿ, ಕೊನೆಗೆ ‘ಅಲ್ಲ’ ಸೇರಿಸಿ ಕೇಳುವವರ ನೆನಪನ್ನು ಎಬ್ಬಿಸಿ, ಆಮೇಲೆ ‘ಆ’ ಎಂದು ಬೊಟ್ಟು ಮಾಡುವುದು. ಮೊದಲು ಹೇಳಿದ ‘ಫ್ಯಾಕ್ಟ್ರಿ ಬಂದವಲ್ಲ, ಆ ಜಾಗ’ ಇದೇ ಜಾತಿಯದು. ಪುಸ್ತಕದ ಕನ್ನಡ ಇಂಥ ಕಡೆ ‘ಯಾವ ಹುಡುಗನು ನಿನ್ನೆ ಸಿಕ್ಕಿದ್ದನೋ ಅವನು’ ಎಂದು ಬರೆಯುತ್ತದೆ, ಆ ಅಚ್ಚು ಬಾಯಿಮಾತಿನಲ್ಲಿ ಅಪರೂಪ. ಜಪಾನಿನ ಯುವಕರು ‘ಕಿನೋ ಕಿತಾ ಜನಾಯಿ, ಅನೊ ಕೊ’ ಎನ್ನುವಾಗಲೂ ಹೆಜ್ಜೆಗಳು ಇವೇ: ನಿನ್ನೆ ಬಂದಿದ್ದನಲ್ಲ, ಆ ಹುಡುಗ. ಹೆಸರು ಪರಿಚಯಿಸುವ ‘ಬದನಗುಪ್ಪೆ ಅನ್ನೋ ಊರು’ ಎಂಬ ಪುಂಜಕ್ಕೂ ಅಲ್ಲಿ ಸರಿಸಾಟಿ ಇದೆ. ಅವರ ‘ತೊ ಇಯು’ ಎಂಬುದು ನಮ್ಮ ‘ಅನ್ನೋ’ ಹಾಗೆಯೇ ಹೇಳು ಎಂಬ ಕ್ರಿಯೆಯಿಂದ ಬಂದದ್ದು.

ಮಿಕ್ಕವನ್ನು ಬೇಗ ಮುಗಿಸಬಹುದು. ಎರಡು ಹೆಸರುಗಳನ್ನು ಜೋಡಿಸಲು ಮಾತಿಗೆ ‘ಮತ್ತು’ ಬೇಕಾಗುವುದಿಲ್ಲ. ‘ಅಪ್ಪ ಅವ್ವ’, ‘ರಾಗೀನೂ ಜೋಳಾನೂ’ ಸಾಕು. ‘ಕಾಫಿಗೀಫಿ’, ‘ಊಟಗೀಟ’ ಎಂಬ ಪ್ರತಿಧ್ವನಿ ಪದಗಳು ‘ಮತ್ತು ಅಂಥವು’ ಎಂಬ ಅರ್ಥ ಕೊಡುತ್ತವೆ. ಜಪಾನಿನಲ್ಲಿ ಆ ಕೆಲಸಕ್ಕೆ ‘ಕೋಹೀ ತೊಕಾ’ ಎಂದು ಬೇರೆಯೇ ಪದವಿದೆ. ಕ್ರಿಯಾಪದ ಆದ ಮೇಲೂ ನಾಮಪುಂಜ ಬಂದು ಕೂರಬಹುದು: ‘ಬಂದ್ನಾ ನಿಮ್ಮಣ್ಣ?’ ತೋರುವ ಪದಗಳಲ್ಲಿ ಮಾತ್ರ ಜಪಾನಿನವರು ಮುಂದಿದ್ದಾರೆ. ಅವರಿಗೆ ಹತ್ತಿರ, ನಡುವೆ, ದೂರ ಎಂದು ಮೂರು; ಹಳಗನ್ನಡದಲ್ಲಿದ್ದ ನಡುವಿನ ‘ಉ’ಕಾರ ಕಳೆದುಹೋಗಿ ನಮಗೆ ಉಳಿದದ್ದು ‘ಈ’, ‘ಆ’ ಎರಡೇ.

ಇಷ್ಟು ಹೋಲಿಕೆ ಕಂಡಾಗ ಎರಡೂ ಒಂದೇ ಮೂಲದವೇನೋ ಎಂಬ ಆಸೆ ಮೂಡುವುದು ಸಹಜ. ಜಪಾನಿನ ವಿದ್ವಾಂಸ ಓನೊ ಸುಸುಮು ತಮ್ಮ ಭಾಷೆಗೂ ತಮಿಳಿಗೂ ನಂಟಿದೆಯೆಂದು ವರ್ಷಗಟ್ಟಲೆ ವಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಬಹುಪಾಲು ಜನ ಅದನ್ನು ಒಪ್ಪಲಿಲ್ಲ, ಒಪ್ಪದಿದ್ದುದೇ ಸರಿ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಪ್ರತ್ಯಯ ಹೆಸರಿನ ಹಿಂದೆ ಬರುವುದು, ಬಣ್ಣನೆ ಹೆಸರಿನ ಮುಂದೆ ಬರುವುದು ಮತ್ತೆ ಮತ್ತೆ ಕಾಣುವ ಕ್ರಮ. ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲೇ ಇಂಥ ಕ್ರಮಗಳನ್ನು ಹಲವು ಭಾಷೆಗಳಿಂದ ಹೆಕ್ಕಿ ತೋರಿಸಿದ್ದರು. ತುರ್ಕಿ, ಕೊರಿಯನ್ ಭಾಷೆಗಳೂ ಇದೇ ಬಗೆಯವು. ರಕ್ತಸಂಬಂಧವಿಲ್ಲದ ಭಾಷೆಗಳು ಒಂದೇ ಬಗೆಯ ಪರಿಹಾರಗಳನ್ನು ತಾವೇ ಕಂಡುಕೊಂಡಿವೆ ಎಂಬುದು ನಂಟಿನ ಕಥೆಗಿಂತ ದೊಡ್ಡ ವಿಷಯ. ಬದನಗುಪ್ಪೆಯ ಮಾತು ಕೆಟ್ಟುಹೋದ ಪುಸ್ತಕಭಾಷೆಯಲ್ಲ, ಮನುಷ್ಯಭಾಷೆಗಳ ಒಂದು ದೊಡ್ಡ ಬಗೆಯ ಸ್ಪಷ್ಟವಾದ ಮಾದರಿ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಉಪಾಧ್ಯಾಯರ ನಂಜನಗೂಡು ಅಧ್ಯಯನಕ್ಕೆ ಈಗ ಅರ್ಧ ಶತಮಾನ ಮೀರಿದೆ, ಅದೂ ಒಂದು ಸಮುದಾಯದ ಮಾತನ್ನು ಮಾತ್ರ ಹಿಡಿದದ್ದು. ಚಾಮರಾಜನಗರ ಸೀಮೆಯ ನಾಯಕರು, ಉಪ್ಪಾರರು, ಲಿಂಗಾಯತರು, ದಲಿತರು, ಬೆಟ್ಟದ ಸೋಲಿಗರು ಆಡುವ ಮಾತಿನ ನಾಮಪುಂಜಗಳನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ನಡೆಯಬೇಕು. ಕೈಗಾರಿಕಾ ಪ್ರದೇಶಕ್ಕೆ ಹೊರಗಿನ ಜನ ಬರುತ್ತಿದ್ದಾರೆ, ಹಳ್ಳಿಯ ಮಕ್ಕಳು ಇಂಗ್ಲಿಷ್ ಮಾಧ್ಯಮದತ್ತ ಹೊರಳುತ್ತಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದ ಸುವರ್ಣಗಂಗೋತ್ರಿ ಚಾಮರಾಜನಗರದಲ್ಲೇ ಇದೆ. ಅಲ್ಲಿನ ಕನ್ನಡ ವಿದ್ಯಾರ್ಥಿಗಳಲ್ಲಿ ಈ ಮಾತನ್ನು ಮನೆಯಲ್ಲೇ ಆಡುವವರಿದ್ದಾರೆ, ಅವರಿಗಿಂತ ಒಳ್ಳೆಯ ಸಂಗ್ರಾಹಕರು ಸಿಗಲಾರರು. ಪಠ್ಯಪುಸ್ತಕ ಬರೆಯುವವರು ಒಂದು ಕೆಲಸವನ್ನು ಮುಂದಿನ ಪರಿಷ್ಕರಣೆಯಲ್ಲೇ ಮಾಡಬಹುದು: ‘ದೆಸೆಯಿಂದ’ ಇರುವ ಪುಟವನ್ನು ತೆಗೆದು, ಅದೇ ಜಾಗದಲ್ಲಿ ‘ಹೆಣ್ಣು ನೋಡಿದ್ರು’, ‘ಹುಡುಗೀನ ನೋಡಿದ್ರು’ ಎಂಬೆರಡು ವಾಕ್ಯ ಕೊಟ್ಟು, ವ್ಯತ್ಯಾಸ ಏನೆಂದು ಮಕ್ಕಳನ್ನೇ ಕೇಳಲಿ.